ಸೀಮೆಹುಲ್ಲಿನ ಸಾಲು

"ಮೇಡಮ್ನೋರೆ, ಮುಂದಕ್ಕೆ ಕಾಲಿಡ್ಬ್ಯಾಡಿ!"

ಕೂಗಿದವನೇ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಬಿಟ್ಟ. ರಮ್ಯ ತಿರುಗಿ ಬೈಯಬೇಕು ಎನ್ನುವಷ್ಟರಲ್ಲಿ, ಅವಳು ನಿಂತಿದ್ದ ಡಾಂಬರು ದೊಪ್ಪನೆ ಕಾವೇರಿಗೆ ಬಿತ್ತು.

ಮಳೆಗಾಳಿಗೆ ಕೊಚ್ಚಿಹೋಗಿದ್ದ ಗಂಜಾಂ ಕೆಳಗಿನ ಹೊಳೆದಂಡೆ ರಸ್ತೆಯನ್ನು ಸರಿಪಡಿಸಲು ಬಂದ ಇಂಜಿನಿಯರ್ ಅವಳು, ನಾಗಮಂಗಲದ ಹುಡುಗಿ. ಎಳೆದವನು ನಿಂಗರಾಜು. ರಸ್ತೆ ಪಕ್ಕದಲ್ಲೇ ಅವನ ಸೀಮೆಹುಲ್ಲಿನ ಹೊಲ. ಮನೆಯ ಹಸುಗಳಿಗೆಲ್ಲ ಅದೇ ಮೇವು.

ಆಮೇಲೆ ಅವಳು ಅಳತೆಗೆ ಬಂದಾಗಲೆಲ್ಲ ಅವನ ಅವ್ವ ಚಿಕ್ಕಬೋರಮ್ಮ ಕಾಫಿ ಕೊಟ್ಟರು. ಅವನು ಟೇಪು ಹಿಡಿದ. ಸಂಜೆ ಟೇಪು ಸುತ್ತಿಟ್ಟ ಮೇಲೂ ರಮ್ಯಳಿಗೆ ಹೊರಡುವ ಮನಸ್ಸೇ ಬರುತ್ತಿರಲಿಲ್ಲ... ಪ್ರೀತಿಯೇನು ಅರ್ಜಿ ಹಾಕಿ ಬರುತ್ತದೆಯೇ!

ಅಳತೆ ಮುಗಿದ ದಿನ ಮಾತ್ರ ಅವಳು ನಕ್ಷೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡಿದಳು. ಕಾಂಕ್ರೀಟ್ ಗೋಡೆ ಕಟ್ಟಿದರೆ ಹೊಳೆ ಅದಕ್ಕೆ ಬಡಿದು ಕೆಳಗಿನ ಕೇರಿಯ ದಡವನ್ನು ಕೊರೆಯುತ್ತದೆ. ಬದಲಿಗೆ ದಡವನ್ನೇ ಇಳಿಜಾರು ಮಾಡಿ, ತೆಂಗಿನ ನಾರಿನ ಚಾಪೆ ಹಾಸಿ, ಲಕ್ಕಿ ಗಿಡದ ಕಡ್ಡಿ, ಲಾವಂಚದ ಹುಲ್ಲು ನೆಟ್ಟರೆ ಬೇರುಗಳೇ ಮಣ್ಣು ಹಿಡಿಯುತ್ತವೆ. ಆದರೆ ಇಳಿಜಾರಿಗೆ ಜಾಗ ಬೇಕು. ಆ ಜಾಗ ನಿಂಗರಾಜುವಿನ ಹುಲ್ಲಿನ ಹೊಲ!

'ನಾಳೆ ಹೇಳೋಣ... ನಾಳೆ ಹೇಳೋಣ...' ಎಂದುಕೊಳ್ಳುತ್ತಲೇ ಇದ್ದಳು. ಅಷ್ಟರಲ್ಲಿ ಟೀ ಅಂಗಡಿಯಲ್ಲಿ ಯಾರೋ ಅವನಿಗೆ ಹೇಳಿಬಿಟ್ಟಿದ್ದರು.

"ಜಮೀನಿಗೋಸ್ಕರವಾ ಮೇಡಮ್ನೋರೆ, ಇಷ್ಟ್ ದಿನ ನಗ್ತಾ ನಗ್ತಾ ಮಾತಾಡಿದ್ದು?"

"ಇಲ್ಲ ನಿಂಗರಾಜು... ನಾನು..."

"ತಕ್ಕೊಳಿ ಬುಡಿ. ಕೆಳಗಿನ ಕೇರಿಯೋರೂ ನಮ್ಮೋರೆಯಾ. ಮೊದ್ಲೇ ನಂಗೊಂದ್ ಮಾತು ಹೇಳಿದ್ರೆ ನಾನೇ ಕೊಡ್ತಿದ್ದೆ."

ಅವನು ಕೂಗಾಡಿದ್ದರೂ ರಮ್ಯ ತಡೆದುಕೊಳ್ಳುತ್ತಿದ್ದಳು. ಆದರೆ ಅವನು ಹುಲ್ಲೆಲ್ಲ ಕೊಯ್ದು, ಹೊರೆ ಕಟ್ಟಿ, ತಿರುಗಿಯೂ ನೋಡದೆ ಹೋದ.

ಮರುದಿನ ಜೆಸಿಬಿ ಬಂತು. ಮೇವಿಲ್ಲದೆ ಎರಡು ಹಸು ಸಂತೆಗೆ ಹೋದವು. ಚಿಕ್ಕಬೋರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ರಮ್ಯ ದೂರದಿಂದ ನೋಡಿದಳು. ನಕ್ಷೆಯಲ್ಲಿ ಗೆರೆ ಎಳೆದವಳು ತಾನೇ, ಅಳಿಸುವ ಹಾಗೂ ಇಲ್ಲ! ಜೆಸಿಬಿ ಕಿತ್ತು ಬಿಸಾಕಿದ್ದ ಸೀಮೆಹುಲ್ಲಿನ ಬುಡಗಳನ್ನು ಆರಿಸಿ, ಇಳಿಜಾರಿನ ಮೇಲ್ತುದಿಯಲ್ಲಿ, ರಸ್ತೆಯಂಚಿಗೆ ಸಾಲಾಗಿ ತಾನೇ ನೆಟ್ಟಳು. ಅವಳ ಕೈಲಾಗಿದ್ದು ಅಷ್ಟೇ.

ಇಳಿಜಾರಿನಲ್ಲಿ ನೆಟ್ಟ ಲಕ್ಕಿ ಕಡ್ಡಿಗಳು ಆಗತಾನೆ ಚಿಗುರುತ್ತಿದ್ದವು. ಅಷ್ಟರಲ್ಲಿ ಕೆ.ಆರ್.ಎಸ್. ಅಣೆಕಟ್ಟೆ ತುಂಬಿ ಗೇಟು ತೆಗೆದರು. ಹೊಳೆ ಹತ್ತಿರ ಯಾರೂ ಹೋಗಬೇಡಿ ಎಂದು ಆಟೋದಲ್ಲಿ ಮೈಕು ಕೂಗುತ್ತಾ ಹೋಯಿತು.

ರಮ್ಯ ರಸ್ತೆಯ ಮೇಲೆ ಒಬ್ಬಳೇ ನಿಂತಳು. ಕೆಂಪು ನೀರು ಚಾಪೆಯ ಅಂಚು ಮುಟ್ಟಿತು. ಲಾವಂಚ ಮುಳುಗಿತು. ಲಕ್ಕಿಯೂ ಮುಳುಗಿತು...

'ಬೇರು ಇನ್ನೂ ಎಳೆಯದು. ದಡವೂ ಹೋದರೆ, ಅವನ ಹೊಲ ತಿಂದಿದ್ದು ಯಾವ ಸುಖಕ್ಕೆ? ತಾಯಿ ಕಾವೇರಿ, ಇನ್ನು ನನ್ನ ಕೈಲಿ ಏನೂ ಇಲ್ಲ!'

"ಇದು ನಮ್ ಹುಲ್ಲಲ್ವಾ?"

ಹಿಂದೆ ನಿಂಗರಾಜು! ಬಗ್ಗಿ ಸಾಲಿನ ಗರಿಯೊಂದನ್ನು ಮುಟ್ಟುತ್ತಿದ್ದ. "ಯಾರ್ ನೆಟ್ರು?"

"ನಾನೇ... ಉಳಿದ ಹಸುಗಳಿಗಾದ್ರೂ ಆಗ್ಲಿ ಅಂತ." ಅವಳಿಗೆ ಅಳು ಒತ್ತರಿಸಿ ಬಂತು. "ಹೇಳಿದ್ರೆ ನೀವು ದೂರ ಆಗ್ಬಿಡ್ತೀರ ಅಂತ ಹೆದರಿದೆ, ನಿಂಗರಾಜು. ಜಮೀನಿಗೆ ಅಲ್ಲ... ನಿಮಗೋಸ್ಕರನೇ ನಗ್ತಿದ್ದೆ."

"ದೂರ ಆಗಿ ನಾನೇನ್ ಸುಖವಾಗಿದ್ನಾ?" ಅವನ ದನಿಯೂ ಒದ್ದೆಯಾಯಿತು.

ಕೆಳಗೆ ದಡದ ಒಂದು ಮೂಲೆ ಕುಸಿದು ನೀರಿಗೆ ಬಿತ್ತು.

"ಈಗೇನ್ ಮಾಡಾದು?"

"ಏನೂ ಇಲ್ಲ. ನೋಡ್ತಾ ನಿಲ್ಲೋದೊಂದೇ... ಎಲ್ಲಾ ಹೋಗ್ಬಿಟ್ರೆ?"

"ಹೋದ್ರೆ ಇನ್ನೊಂದ್ಸಲ ನೆಡಾನ. ಲಕ್ಕಿ ಕಡ್ಡಿ ನಾನೇ ಕಡ್ಕೊಂಡ್ ಬತ್ತೀನಿ."

ನೀರು ಇನ್ನೂ ಏರುತ್ತಿತ್ತು. ಅವನು ಅವತ್ತಿನ ಹಾಗೆಯೇ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡ. ಈ ಸಲ ಬಿಡಲಿಲ್ಲ.

"ದಡ ಹೋದ್ರೆ ಹೋಗ್ಲಿ... ನೀವ್ ಮಾತ್ರ ಹೋಗ್ಬ್ಯಾಡಿ."

"ಎಲ್ಲಿಗೂ ಹೋಗಲ್ಲ ಕಣ್ರೀ."