ಒಂದೇ ಸ್ವರದ ಎರಡು ತಂತಿ

"ಮುಂಜಾನೆ ದವಾಖಾನ್ಯಾಗ ಮಾಂತು ಸರ್ ಹೋಗಿಬಿಟ್ರು ಬಾಯಾರ. ಕಣ್ಣ ತಗೀಲಿಲ್ಲ. ಇನ್ನ ನನ್ನ ಮಗನ ಪರವಾಗಿ ಮಾತಾಡವರು ಯಾರದಾರ?"

ಇಷ್ಟು ಹೇಳಿ ಕಾಶವ್ವ ಶಿವಕಾಂತಾ ಮಠಪತಿಯವರ ಹೊಸ್ತಿಲಲ್ಲೇ ಕುಸಿದಾಗ ಅಂಬಾದಾಸ ಚಹಾದ ಕಪ್ಪನ್ನು ಬಾಯಿಗೆ ಒಯ್ಯುತ್ತಿದ್ದ. ಅದು ಹಾಗೇ ಕೆಳಗಿಳಿಯಿತು. ಶಿವಕಾಂತಾ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ನಿವೃತ್ತರಾದವರು. ಮರಾಠಿ ಊರಿನ ಈ ಕೊಂಢವಾ ಬಡಾವಣೆಯ ಕನ್ನಡದವರಿಗೆ ಕಷ್ಟ ಬಂದರೆ ಠಾಣೆಗಿಂತ ಮೊದಲು ನೆನಪಾಗುವುದು ಅವರ ಬಾಗಿಲು. ಅಂಬಾದಾಸ ಅವರ ನೆರೆಯವನು, ಸ್ಕೂಟರಿನ ಸಾರಥಿ. ಬುದ್ಧಿಗಿಂತ ಬಾಯಿ ಯಾವಾಗಲೂ ಒಂದು ಹೆಜ್ಜೆ ಮುಂದೆ.

"ಗಿಟಾರ್ ಮಾಸ್ತರನ್ನ ಹೊಡದ ಅಂತ ಒಳಗ ಹಾಕ್ಯಾರಲ್ಲ, ಆ ಪುನೀತನ ತಾಯಿ ಏನು ನೀವು?" ಎಂದು ಕೇಳಿಯೇಬಿಟ್ಟ. ಶಿವಕಾಂತಾ ಕಣ್ಣಲ್ಲೇ ಗದರಿದರು.

"ಅಂವ ಹೊಡದಿಲ್ರೀ! ಪಾಠ ಮುಗಿಸಿ ಮನಿಗೆ ಬಂದಿದ್ದ!" ಕಾಶವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಪಿಂಪ್ರಿ ಕಾರ್ಖಾನ್ಯಾಗ ಪ್ರೆಸ್ಸಿಗೆ ಸಿಕ್ಕು ಎಡಗೈಯಾಗಿನ ಎರಡು ಬೆರಳಿನ ತುದಿ ಹೋದ್ವು. ನಿನ್ನಿಂದ ಬಾರಸಾಕ ಆಗಂಗಿಲ್ಲಂತ ಉಳದ ಕ್ಲಾಸಿನವರು ವಾಪಸ್ ಕಳಿಸಿದ್ರು. ಮಾಂತು ಸರ್ ಒಬ್ರ ಅಂವಗಂತ ಒಂದು ಗಿಟಾರ್ ಬ್ಯಾರೆ ಇಟ್ರು. ಎರಡನೇ ತಂತಿ ಸಡಿಲ ಮಾಡಿ ಮೂರನೇದರ ಸ್ವರಕ್ಕ ಕೂಡಿಸಿದ್ರು. ಒಂದ ಬೆರಳಿಂದ ಎರಡೂ ಒತ್ತಿದ್ರ ಇಬ್ಬರು ಕೂಡಿ ಬಾರಿಸಿಧಂಗ ಕೇಳತದ. ಅಂಥವರ ಮ್ಯಾಲೆ ಕೈ ಎತ್ತತಾನೇನ್ರಿ? ಸರ್ ಎಚ್ಚರಾದ್ರ ಎಲ್ಲಾ ಹೇಳ್ತಾರ ಅಂತ ಕುಂತಾನ. ಅನ್ನ ಮುಟ್ಟವಲ್ಲ. ನಾಳೆ ಕೋರ್ಟಿಗೆ ಒಯ್ತಾರಂತ."

ಅಂಬಾದಾಸ ಎದ್ದುನಿಂತ. ಸ್ಕೂಟರಿನ ಕೀಲಿ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದ.

ಮಾಂತು ಪಾಠ ಹೇಳುತ್ತಿದ್ದುದು ತನ್ನ ಮನೆಯ ಮುಂದಿನ ಕೋಣೆಯಲ್ಲಿ. ಪರಿಚಯದ ಇನ್ಸ್‌ಪೆಕ್ಟರು ಶಿವಕಾಂತಾ, ಅಂಬಾದಾಸ ಇಬ್ಬರನ್ನೂ ಒಳಗೆ ಬಿಟ್ಟು, ಆದದ್ದನ್ನು ಮರಾಠಿಯಲ್ಲಿ ವಿವರಿಸಿದರು. ಹಿಂದಿನ ಸಂಜೆ ಹೆಂಡತಿ ರಂಜನಾ ತರಕಾರಿ ತಂದು ಬಾಗಿಲು ತೆರೆದಾಗ ಮಾಂತು ತಲೆ ಒಡೆದು ಎಚ್ಚರವಿಲ್ಲದೆ ಬಿದ್ದಿದ್ದ, ಪಕ್ಕದಲ್ಲಿ ಪುಸ್ತಕ ಇಡುವ ಕಬ್ಬಿಣದ ಸ್ಟ್ಯಾಂಡು. ಪುನೀತನ ಗಿಟಾರು ಅವನು ಕೂರುವ ಕುರ್ಚಿಯ ಮೇಲಿತ್ತು. ಎರಡನ್ನೂ ಯಾರೋ ಒರೆಸಿದ್ದರು. ಹುಡುಗ ಬಾರಿಸುತ್ತಿದ್ದಾಗ ಜಗಳ ಬಂದಿದೆ, ಹೊಡೆದು ಬೆರಳ ಗುರುತು ಒರೆಸಿ ಓಡಿದ್ದಾನೆ ಎಂಬುದು ಪೊಲೀಸರ ಲೆಕ್ಕ.

ಶಿವಕಾಂತಾ ಗಿಟಾರಿನ ಒಂದೊಂದೇ ತಂತಿ ಮೀಟಿದರು. "ಅಂಬಾದಾಸ, ಈ ಎರಡು ಒಂದ ನಮೂನಿ ಕೇಳಸ್ತಾವೇನು?"

"ಇಲ್ಲ ಅಕ್ಕಾರ, ಬ್ಯಾರೆ ಬ್ಯಾರೆ."

"ಸುಮ್ನ ನೆನಪಿಟ್ಕೊ."

ಅಳುತ್ತಲೇ ರಂಜನಾ ಪುನೀತನಿಗೆ ಶಾಪ ಹಾಕಿದಳು. ಗಿಟಾರು ಹಿಡಿಯಲೂ ತನಗೆ ಬಾರದು ಎಂದಳು. ಪಕ್ಕದ ಮನೆಯ ಧರ್ಮಣ್ಣ ದಿನವೂ ಸದ್ದಿನ ಬಗ್ಗೆ ಜಗಳ ತೆಗೆಯುತ್ತಿದ್ದವನು. ಅಂಬಾದಾಸ ಮನಸ್ಸಿನಲ್ಲೇ ಅವನಿಗೆ ಬೇಡಿ ತೊಡಿಸಿಯಾಗಿತ್ತು.

"ಇಬ್ಬರು ಬಾರಿಸಿಧಂಗ ಹಾಡು ಬರಾಕತ್ತಿತ್ತು," ಧರ್ಮಣ್ಣ ಸಿಡುಕಿದ. "ಅದು ನಿಂತು ಸ್ವಲ್ಪ ಹೊತ್ತಾದ ಮ್ಯಾಲೆ ಒದರಾಟ. ನಮ್ಮ ಕುಕ್ಕರಿನ ಸೀಟಿಯೊಳಗ ಯಾರ ಧ್ವನಿ ಅಂತ ತಿಳೀಲಿಲ್ಲ. ಧಪ್ ಅಂತು, ಸುಮ್ಮಾತು. ಸ್ವಲ್ಪ ತಡದು ಒಂದ ತಂತಿ ಟಂಯ್ಯ ಟಂಯ್ಯ ಅಂದು ಮ್ಯಾಲ ಏರಿದಂಗಾತು, ಅಷ್ಟ."

ಕೆಳಗೆ ಮಧುಕರ್‌ನ ವಾದ್ಯಗಳ ಅಂಗಡಿ. ಮಾಂತುವಿನ ಶಿಷ್ಯರೆಲ್ಲ ಅಲ್ಲೇ ಗಿಟಾರು ಕೊಳ್ಳುತ್ತಿದ್ದರು. ಮಧುಕರ್ ಗೆಳೆಯನನ್ನು ನೆನೆದು ಕಣ್ಣೊರೆಸಿಕೊಂಡ. ಮಾತಾಡುತ್ತಲೇ ಗಿರಾಕಿ ಬಿಟ್ಟುಹೋದ ಗಿಟಾರೊಂದನ್ನು ಎತ್ತಿ, ತಿರುಪು ತಿರುವಿ, ಶ್ರುತಿ ಸರಿಮಾಡಿ ಗೋಡೆಗೆ ತೂಗುಹಾಕಿದ. ಅಂಬಾದಾಸ ಇನ್ನೊಂದು ಗಿಟಾರಿನ ಮೇಲಿನ ವಿದೇಶಿ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದ. ತುದಿ ಎದ್ದು ಒಳಗೆ ಮತ್ತೊಂದು ಹೆಸರು ಇಣುಕಿತು.

"ಮುಟ್ಟಬ್ಯಾಡ್ರಿ!" ಮಧುಕರ್ ಅವನ ಕೈಯನ್ನು ತಟ್ಟಿ ಸರಿಸಿದ. ದುಃಖದಲ್ಲಿರುವವನ ಸಿಟ್ಟು ಎಂದು ಅಂಬಾದಾಸನಿಗೆ ಪಾಪ ಅನ್ನಿಸಿತು.

ಸಂಜೆ ಎಲ್ಲರೂ ಮಾಂತುವಿನ ಕೋಣೆಯಲ್ಲಿ ಸೇರಿದರು. ಕಾಶವ್ವ ಬಾಗಿಲ ಬಳಿಯೇ ನಿಂತಿದ್ದಳು. ರಂಜನಾ ಅವಳತ್ತ ನೋಡಲಿಲ್ಲ.

"ಒಂದು ಸಣ್ಣ ಕೆಲಸ," ಎಂದರು ಶಿವಕಾಂತಾ. "ಈ ಗಿಟಾರ್ ತಗೊಂಡು ಒಂದ್ ಸಲ ತಂತಿ ಮೀಟಿ, ಕುರ್ಚಿ ಮ್ಯಾಲ ಇಡ್ರಿ."

ರಂಜನಾ ಅದನ್ನು ನೀರಿನ ಕೊಡದಂತೆ ತಬ್ಬಿ, ಹೇಗೋ ಮೀಟಿ ಇಟ್ಟಳು. ಧರ್ಮಣ್ಣ ಎರಡೇ ಬೆರಳಲ್ಲಿ ಹಿಡಿದು, ಗೊಣಗಿ, ಇಟ್ಟ. ಮಧುಕರ್ ಮೀಟಿದ. ಮುಖ ಸಿಂಡರಿಸಿದ. ಅವನ ಎಡಗೈ ತಾನಾಗಿಯೇ ಎರಡನೆಯ ತಂತಿಯ ತಿರುಪಿಗೆ ಹೋಗಿ ಬಿಗಿಯತೊಡಗಿತು. ಟಂಯ್ಯ ಎಂದು ಸ್ವರ ಏರಿತು.

"ಇದ! ಇದ ಸಪ್ಪಳ!" ಧರ್ಮಣ್ಣ ಕೂಗಿದ.

ಮಧುಕರ್‌ನ ಕೈ ಅಲ್ಲೇ ನಿಂತಿತು.

"ಈಗ ತಾಸಿನ ಹಿಂದ ಆ ತಂತಿ ಮತ್ತ ಸಡಿಲ ಮಾಡಿಸಿದಾಕಿ ನಾನ," ಶಿವಕಾಂತಾ ಹೇಳಿದರು. "ಒದರಾಟಕ್ಕಿಂತ ಮೊದಲ ಜೋಡಿ ಸ್ವರದ ಹಾಡು ಕೇಳಿಸೇದ. ಪೊಲೀಸರ ಕೈಗೆ ಸಿಕ್ಕಾಗ ಎರಡೂ ತಂತಿ ಬ್ಯಾರೆ ಬ್ಯಾರೆ. ಅಂದ್ರ ಹೊಡೆತ ಬಿದ್ದ ಮ್ಯಾಲ ಯಾರೋ ಶ್ರುತಿ ಬದಲ ಮಾಡ್ಯಾರ. ಪುನೀತನ ಪಾಲಿಗೆ ಅದು ಸರಿಯಾಗೇ ಇತ್ತು, ಅಂವ ಯಾಕ ಮುಟ್ಟತಾನ? ರಂಜನಾಗ, ಧರ್ಮಣ್ಣಗ ಶ್ರುತಿ ಬರಂಗಿಲ್ಲ. ತಪ್ಪೈತಿ ಅಂತ ಕಿವಿಗೆ ಅನಸೋದು, ಅಂಗಡ್ಯಾಗ ದಿನಾ ಒಂದ ಶ್ರುತಿಗೆ ಕೂಡಿಸಿ ರೂಢಿ ಆದವರಿಗೆ. ಪುನೀತನ ಮ್ಯಾಲ ಬರ್ಲಿ ಅಂತ ಗಿಟಾರ್ ಒರೆಸಿ ಕುರ್ಚಿಗೆ ಇಟ್ರಿ ಮಧುಕರ್. ಒರೆಸುವಾಗ ತಂತಿ ನುಡದ್ವು, ಕೈ ತಡೀಲಿಲ್ಲ. ಯಾಕಂತ ನಾ ಹೇಳ್ಲೋ? ಅಂಬಾದಾಸ ಕೆರೆದ ಚೀಟಿ ನಾನೂ ನೋಡೀನಿ. ಹಗುರ ಮಾಲಿಗೆ ದೊಡ್ಡ ಹೆಸರು ಹಚ್ಚಿ ಮಾರಿದ್ದು ಮಾಂತುಗ ಗೊತ್ತಾಗಿತ್ತು."

ಮಧುಕರ್ ನೆಲಕ್ಕೆ ಕೂತ. "ಹುಡುಗ್ರ ಅಪ್ಪ-ಅವ್ವಗ ಹೇಳ್ತೀನಿ ಅಂದ. ಕೈ ಮುಗದೆ, ಕಾಲ ಹಿಡದೆ. ಕೇಳಲಿಲ್ಲ. ಕೊಲ್ಲಬೇಕಂತ ಇರ್ಲಿಲ್ರೀ..."

ಇನ್ಸ್‌ಪೆಕ್ಟರು ಅವನ ತೋಳು ಹಿಡಿದು ಎಬ್ಬಿಸಿದರು. ರಂಜನಾ ಕಾಶವ್ವನ ಹತ್ತಿರ ಹೋಗಿ ಕೈ ಮುಗಿದಳು. ಕಾಶವ್ವನೇ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.

ಮರುದಿನ ಕೋರ್ಟು ಪುನೀತನನ್ನು ಬಿಟ್ಟಿತು. ಮೆಟ್ಟಿಲಿಳಿದು ಬಂದ ಹುಡುಗನ ಮುಖ ಬಾಡಿತ್ತು, ಆದರೆ ಕಣ್ಣು ನಗುತ್ತಿದ್ದವು. ಅಂಬಾದಾಸನಿಗೂ ಒಂದು ಕ್ಷಣ ಎಲ್ಲ ಸರಿಹೋಯಿತು ಅನ್ನಿಸಿತು.

"ನಾ ಹೇಳಿದ್ದಿಲ್ಲೇನವ್ವಾ?" ಎಂದ ಪುನೀತ. "ಸರ್ ಎಚ್ಚರಾದ್ರಲ್ಲ? ಅವರ ಬಂದು ಹೇಳಿದ್ರಲ್ಲ?"

ಲಾಕಪ್ಪಿನಲ್ಲಿ ಅವನಿಗೆ ಯಾರೂ ತಿಳಿಸಿರಲಿಲ್ಲ. ಶಿವಕಾಂತಾ ತಲೆ ತಗ್ಗಿಸಿದರು. ಕಾಶವ್ವ ಮಗನ ಎಡಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲಪ್ಪಾ," ಎಂದಳು. "ಸರ್ ಏಳಲಿಲ್ಲ."