ಹದಿನಾಲ್ಕು ಕೆಂಪು ಬಾಣ

ಏಳನೇ ನಂಬರಿನ ಹಾಳೆ ತೆಗೆದುಕೊಳ್ಳಲು ಎದ್ದವನು ತನ್ನ ಪಕ್ಕದವನೇ ಎಂದು ತಿಳಿದಾಗ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಚೆಕರಮ್ಮನಿಗೆ.

ಅದು ವಿಶ್ವವಿದ್ಯಾಲಯದಲ್ಲಿ ದೊಡ್ಡವರಿಗಾಗಿ ನಡೆಯುವ ಸಂಜೆ ತರಗತಿ. ಪರೀಕ್ಷೆಯ ಕಾಟವಿಲ್ಲ, ವಯಸ್ಸಿನ ಮಿತಿಯಿಲ್ಲ. ದುಡಿದು ದಣಿದವರು ಬಂದು ಬರವಣಿಗೆ ಕಲಿಯುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬೇಕು. ಟೈಪ್ ಮಾಡಿದ ಹಾಳೆಯ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ.

ಚೆಕರಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚೆಕರ್, ಹೆಸರೂ ಹಾಗೇ ಬಂದದ್ದು. ಹೊಲಿಗೆ ತಪ್ಪಿದಲ್ಲೆಲ್ಲ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಏಳನೇ ನಂಬರಿನ ಹಾಳೆಗೂ ಅವೇ ಬಾಣಗಳನ್ನು ಹದಿನಾಲ್ಕು ಕಡೆ ಅಂಟಿಸಿದ್ದಳು. ಗುರುತಿಲ್ಲದವರ ಕಾಲರ್ ಮಡಚಿದ್ದರೂ ಸರಿಮಾಡದೆ ಬಿಡದ ಹೆಂಗಸೊಬ್ಬಳ ಬಗ್ಗೆ ಬರೆದದ್ದು ಅದು. ಕೆಳಗೆ ಅವಳು ಗೀಚಿದ್ದಳು: 'ಇಂಥ ಹೆಂಗಸು ಎಲ್ಲೂ ಇರುವುದಿಲ್ಲ. ಬರೀ ಸುಳ್ಳು. ರಿಜೆಕ್ಟ್.'

ಬರೆದವನು ಬೀಗ ರಿಪೇರಿಯವನು, ಒಂಟಿ ಮನುಷ್ಯ. ಏಳು ತಿಂಗಳಿಂದ ಅವಳಿಗೆ ಕಿಟಕಿ ಪಕ್ಕದ ಜಾಗ ಹಿಡಿದಿಡುತ್ತಿದ್ದವನು. ಓದಿ ಕಿವಿಯವರೆಗೂ ಕೆಂಪಾದ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಅವಳತ್ತ ನೋಡದೆ ಹೊರಟ. ಅದು ನನ್ನದೇ ಕೆಲಸ ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ.

ಮುಂದಿನ ವಾರ ಅವನ ಕುರ್ಚಿ ಖಾಲಿ. ಅದರ ಮುಂದಿನ ವಾರವೂ ಖಾಲಿ. "ಮೂರು ವಾರ ಬರದಿದ್ರೆ ಹೆಸರು ತೆಗೀತಾರೆ," ಅಂದರು ಅವಳ ಮಗಳ ವಯಸ್ಸಿನ ಮೇಡಂ. ಮೂರನೇ ವಾರ ತರಗತಿಗೆ ಅರ್ಧ ಗಂಟೆ ಇರುವಾಗ ಚೆಕರಮ್ಮ ಅವನ ಅಂಗಡಿಯ ಮುಂದೆ ನಿಂತಿದ್ದಳು.

"ಏನು, ಬೀಗ ಕೆಟ್ಟಿದೆಯಾ?"

"ಬುದ್ಧಿ ಕೆಟ್ಟಿತ್ತು. ಆ ಬಾಣ ಅಂಟಿಸಿದ್ದು ನಾನೇ ರೀ."

ಅವನು ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟ. "ಗೊತ್ತು. ಇನ್ಯಾರ ಬ್ಯಾಗಲ್ಲಿ ಅಂಥ ಸ್ಟಿಕ್ಕರ್ ಇರುತ್ತೆ?"

ಅವಳ ಮುಖ ಇಳಿದುಹೋಯಿತು. "ಗೊತ್ತಿದ್ದೂ ಬೈಲಿಲ್ವಾ?"

"ಬೈಯೋದೇನು? ನಾಚಿಕೆಯಾಯ್ತು. ನಾನು ಬೇಡ ಅಂತ ಇಷ್ಟು ನೇರವಾಗಿ ಹೇಳಿಬಿಟ್ರಲ್ಲ ಅಂದ್ಕೊಂಡೆ."

"ಅಯ್ಯೋ, ನಾನೆಲ್ಲಿ ಹಾಗಂದೆ? ಆ ಹೆಂಗಸು ಯಾರೋ ಏನೋ, ನಿಮಗೆ ಬೇಕಾದವರಿರಬಹುದು..." ಹಾಗೆನ್ನುವಾಗ ಎದೆಯಲ್ಲೇನೋ ಚುಚ್ಚಿತು.

"ನಿಮ್ಮ ಕೈ ಎಲ್ಲಿದೆ ನೋಡಿ," ಅಂದ ಅವನು ಮೆಲ್ಲಗೆ.

ಅವಳ ಬೆರಳುಗಳು ಅವನ ಕಾಲರನ್ನು ನೇರ ಮಾಡುತ್ತಿದ್ದವು. ಬೆಂಕಿ ತಾಗಿದಂತೆ ಕೈ ಹಿಂದೆಗೆದಳು. ಗಂಡ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಐವತ್ತರ ಹೆಂಗಸು, ನಡುಬೀದಿಯಲ್ಲಿ, ಯಾರದೋ ಕಾಲರ್.

"ದೇವರೇ. ಯಾವಾಗಿಂದ ಹೀಗೆ ಮಾಡ್ತಿದ್ದೀನಿ?"

"ಬಸ್ ಸ್ಟಾಪಲ್ಲಿ ಮೂರು ಸಲ ನನ್ನದೂ ಸರಿಮಾಡಿದ್ರಿ. ಆಮೇಲೆ ನಾನೇ ಬೇಕಂತ ಮಡಚಿಕೊಂಡು ಬರ್ತಿದ್ದೆ."

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಕಾರ್ಖಾನೆಯಲ್ಲಿ ತನ್ನ ಕೈಗೆ ಸಿಕ್ಕದ ತಪ್ಪಿಲ್ಲ ಎಂದು ಬೀಗುತ್ತಿದ್ದವಳು, ತನ್ನನ್ನೇ ಸುಳ್ಳೆಂದು ತಳ್ಳಿಹಾಕಿದ್ದಳು.

"ಇವತ್ತು ಬರದಿದ್ರೆ ನಿಮ್ಮ ಹೆಸರು ತೆಗೀತಾರೆ."

"ತೆಗೀಲಿ ಬಿಡಿ. ಮತ್ತೆ ಯಾವ ಮುಖ ಇಟ್ಕೊಂಡು ಬರಲಿ?"

"ಹಾಗಾದ್ರೆ ನಂದೂ ತೆಗೀಲಿ. ನೀವಿಲ್ಲದೆ ಅಲ್ಲಿ ಕೂರೋಕೆ ನನ್ನಿಂದ ಆಗಲ್ಲ."

ಆಡಿದ ಮಾತು ಕಿವಿಗೆ ಬಿದ್ದಾಗ ಅವಳು ತಲೆ ತಗ್ಗಿಸಿದಳು. ಅವನು ಶಟರ್ ಎಳೆದು ಬೀಗ ಹಾಕಿದ.

ತರಗತಿ ಮುಟ್ಟುವಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಇದ್ದವರೆಲ್ಲ ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಬೇಕೆಂದೇ ಕೆಮ್ಮಿದರು.

"ಇಬ್ರೂ ಒಟ್ಟಿಗೇ ಲೇಟಾ?" ಎಂದು ಕೇಳಿದರು ಮೇಡಂ, ನಗು ತಡೆದುಕೊಂಡು.

ಬೀಗದವನು ಬಾಗಿಲಲ್ಲೇ ಹಿಂದೆ ಸರಿದ. ಚೆಕರಮ್ಮನ ಮುಖ ಉರಿಯುತ್ತಿತ್ತು. ಅಷ್ಟು ಜನರೆದುರು ಅವನ ಕೈ ಹಿಡಿದು, "ಹೌದು ಮೇಡಂ. ಇವರನ್ನ ಕರ್ಕೊಂಡು ಬರೋಕೆ ಹೋಗಿದ್ದೆ," ಅಂದಳು.

ಕಿಟಕಿಯವರೆಗೆ ನಡೆದು ಕೂತರೂ ನಾಚಿಕೆ ಇಳಿಯಲಿಲ್ಲ. ಅವಳು ಕೈಯನ್ನೂ ಬಿಡಲಿಲ್ಲ.