ಎಲ್ಲರೆದುರು ಹೇಳಿದ ವೋಟು

"ಹರ್ಷಿತಾ ನಂಜುಂಡಸ್ವಾಮಿ! ಮುಂದೆ ಬನ್ನಿ. ಎಲ್ಲರಿಗೂ ಕೇಳೋ ಹಾಗೆ ಹೇಳಿ, ನಿಮ್ಮ ವೋಟು ಯಾರಿಗೆ?"

ಐದನೇ ಗ್ರೇಡಿನ ಟೀಚರ್ ಮಿಸ್ಟರ್ ಆಲ್ವರೆಜ್ ಹಳೆಯ ಕಾಲದ ಗುಮಾಸ್ತನ ಹಾಗೆ ಕಪ್ಪು ಕಾಗದದ ಮೂರು ಮೂಲೆಯ ಟೋಪಿ ಹಾಕಿಕೊಂಡಿದ್ದರು. ಅದು ಮತ್ತೆ ಮತ್ತೆ ಕಿವಿಯ ಮೇಲೆ ಜಾರುತ್ತಿತ್ತು. ಬೇರೆ ದಿನವಾಗಿದ್ದರೆ ಹರ್ಷಿತಾ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗು ಬರಲಿಲ್ಲ.

ಅಮೆರಿಕದ ಹೇವರ್ಡ್ ಊರಿನ ಆ ಶಾಲೆಯಲ್ಲಿ ಆ ವಾರ ಆ ದೇಶದ ಮೊದಮೊದಲ ಚುನಾವಣೆಗಳ ಪಾಠ. ಅಧ್ಯಕ್ಷರನ್ನು ಆರಿಸುವವರು ಎಲೆಕ್ಟರ್ ಎಂಬ ಪ್ರತಿನಿಧಿಗಳು. ಆ ಪ್ರತಿನಿಧಿಗಳಿಗೆ ವೋಟು ಹಾಕುವಾಗ ಕೆಲವು ರಾಜ್ಯಗಳಲ್ಲಿ ಚೀಟಿಯೂ ಇಲ್ಲ, ಗುಟ್ಟೂ ಇಲ್ಲ. ಎಲ್ಲರೆದುರು ನಿಂತು ಬಾಯಿಬಿಟ್ಟು ಹೇಳಬೇಕು, ಗುಮಾಸ್ತ ಬರೆದುಕೊಳ್ಳಬೇಕು. ಊರಿನ ಚುನಾವಣೆಗಳಲ್ಲಂತೂ ಕೆಲವು ಕಡೆ ಅಭ್ಯರ್ಥಿಯೂ ಅಲ್ಲೇ ಕೂತಿದ್ದು, ತನಗೆ ವೋಟು ಕೊಟ್ಟವರಿಗೆ ಎದ್ದು ಥ್ಯಾಂಕ್ಸ್ ಹೇಳುತ್ತಿದ್ದನಂತೆ.

"ಆಗ ಹೆಚ್ಚಿನ ಕಡೆ ಆಸ್ತಿ ಇರೋ ಬಿಳಿ ಗಂಡಸರಿಗೆ ಮಾತ್ರ ವೋಟು," ಎಂದಿದ್ದರು ಮಿಸ್ಟರ್ ಆಲ್ವರೆಜ್. "ಆ ರೂಲು ಇಟ್ಟರೆ ಈ ಕ್ಲಾಸಲ್ಲಿ ವೋಟು ಹಾಕೋಕೆ ಒಬ್ಬರೂ ಉಳಿಯಲ್ಲ. ಅದನ್ನ ಬಿಟ್ಟುಬಿಡೋಣ. ಜೋರಾಗಿ ಹೇಳೋದನ್ನ ಇಟ್ಕೊಳ್ಳೋಣ."

ಹೀಗೆ ಕ್ಲಾಸ್ ಪ್ರೆಸಿಡೆಂಟ್ ಚುನಾವಣೆ ಶುರುವಾಗಿತ್ತು. ಅಭ್ಯರ್ಥಿಗಳು ಇಬ್ಬರು: ಟೀಚರ ಮೇಜಿನ ಒಂದು ಬದಿಗೆ ಬ್ರೋಡಿ, ಇನ್ನೊಂದು ಬದಿಗೆ ಪ್ರಣೀತಾ.

ಪ್ರಣೀತಾ ಹರ್ಷಿತಾಳ ಅಪಾರ್ಟ್‌ಮೆಂಟಿನ ಮೇಲಿನ ಮನೆಯವಳು. ಅವರ ಮನೆಯಲ್ಲಿ ತುಳು, ಇವರ ಮನೆಯಲ್ಲಿ ಮಂಡ್ಯದ ಕನ್ನಡ. ಇಬ್ಬರೂ ಸೇರಿದರೆ ಮೂರು ಭಾಷೆಯ ಕಿಚಡಿ. ಕಿಂಡರ್‌ಗಾರ್ಟನ್ನಿಂದ ಒಂದೇ ಕಾರಿನಲ್ಲಿ ಓಡಾಟ. ಗೋಡೆಯ ಮೇಲಿನ "ಪ್ರಣೀತಾಗೇ ವೋಟು ಕೊಡಿ" ಎಂಬ ಪೋಸ್ಟರನ್ನು ಭಾನುವಾರ ಮಧ್ಯಾಹ್ನವೆಲ್ಲ ಕೂತು ಬರೆದವಳು ಹರ್ಷಿತಾಳೇ. ಇನ್ನು ಅವಳ ವೋಟು ಯಾರಿಗೆಂದು ಕೇಳಬೇಕೇ?

ಕೇಳಬೇಕಾಗಿ ಬಂತು. ಯಾಕೆಂದರೆ ರಿಸೆಸ್ಸಿನಲ್ಲಿ, ಆಟದ ಬಿಡುವಿನ ಹೊತ್ತಿಗೆ, ಬ್ರೋಡಿ ನಾಲ್ಕು ಜನರ ಮುಂದೆ ಹೇಳಿದ್ದ. "ನಿನ್ನ ವೋಟು ಗೊತ್ತು ಬಿಡು. ನೀವಿಬ್ಬರೂ ಇಂಡಿಯನ್ಸ್ ಅಲ್ವಾ, ನಿಮ್ಮನಿಮ್ಮಲ್ಲೇ ಕೊಟ್ಕೋತೀರ." ನಾಲ್ವರೂ ನಕ್ಕಿದ್ದರು. ಆ ನಗು ಹರ್ಷಿತಾಳ ಬೆನ್ನು ಬಿಟ್ಟಿರಲಿಲ್ಲ.

ಅವಳಿಗಿಂತ ಮುಂಚೆ ಹನ್ನೆರಡು ಜನ ಹೇಳಿಯಾಗಿತ್ತು. ಬ್ರೋಡಿಗೆ ಒಂಬತ್ತು, ಪ್ರಣೀತಾಗೆ ಮೂರು. ಬ್ರೋಡಿ ಎಂದಾಗೆಲ್ಲ ಹಿಂದಿನ ಸಾಲಿನಲ್ಲಿ ಡೆಸ್ಕ್ ಬಡಿಯುವ ಸದ್ದು. ಪ್ರಣೀತಾ ಎಂದಾಗ ಸಣ್ಣಗೆ "ಬೂ..."

ಪ್ರಣೀತಾ ಇವಳನ್ನು ನೋಡಿ ನಕ್ಕಳು. ಥ್ಯಾಂಕ್ಸ್ ಹೇಳಲು ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ಬ್ರೋಡಿ," ಎಂದಳು ಹರ್ಷಿತಾ.

ಡೆಸ್ಕುಗಳು ಧಡಧಡ ಎಂದವು. ಬ್ರೋಡಿ ಎದ್ದು ಸೊಂಟ ಬಗ್ಗಿಸಿ, "ಥ್ಯಾಂಕ್ ಯೂ, ಮಿಸ್ ನಂಜುಂಡಸ್ವಾಮಿ," ಎಂದ. ಅರ್ಧ ಎದ್ದಿದ್ದ ಪ್ರಣೀತಾ ಲಂಗ ಸರಿಮಾಡಿಕೊಳ್ಳುವವಳಂತೆ ಮೆಲ್ಲಗೆ ಕೂತಳು.

ಹರ್ಷಿತಾ ತನ್ನ ಜಾಗಕ್ಕೆ ಹೋಗಿ ಕೂತಳು. ಮುಖ ಕಾದ ಕಾವಲಿಯಾಗಿತ್ತು. ಮುಂದಿನ ಹೆಸರುಗಳು ಅವಳ ಕಿವಿಗೆ ಬೀಳಲಿಲ್ಲ. ಪೋಸ್ಟರಿನ ಕಡೆ ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅಕ್ಷರಗಳೆಲ್ಲ ಅವಳವೇ. ಥೂ, ಎಂಥ ಕೆಲಸ ಮಾಡಿದೆ!

ಕೊನೆಗೆ ಬ್ರೋಡಿಗೆ ಹದಿನೈದು, ಪ್ರಣೀತಾಗೆ ಎಂಟು. ನಾನು ಪ್ರಣೀತಾಗೆ ಕೊಟ್ಟಿದ್ದರೂ ಅವಳು ಗೆಲ್ಲುತ್ತಿರಲಿಲ್ಲ ಎಂದು ಹರ್ಷಿತಾ ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಮತ್ತೊಮ್ಮೆ ಮೊದಲಿಂದ ಲೆಕ್ಕ ಹಾಕಿದಳು.

ಮೂರು ಗಂಟೆಗೆ ಪ್ರಣೀತಾಳ ಅಮ್ಮ ಸ್ನೇಹಲತಾ ಕಾರು ತಂದು ನಿಲ್ಲಿಸಿದರು. ಹುಡುಗಿಯರಿಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ನಡುವೆ ಎರಡು ಬ್ಯಾಗುಗಳು.

"ಎಂತಾಯ್ತು ಮಕ್ಕಳೇ ಇಲೆಕ್ಷನ್?"

"ಬ್ರೋಡಿ ಗೆದ್ದ. ನಂಗೆ ಎಂಟು ವೋಟು," ಎಂದಳು ಪ್ರಣೀತಾ.

"ಎಂಟು ಬಂತಾ? ಅದೇನು ಕಮ್ಮಿಯಾ! ಯಾರೆಲ್ಲ ಹಾಕಿದ್ದು?" ಸ್ನೇಹಲತಾ ಕನ್ನಡಿಯಲ್ಲಿ ಹರ್ಷಿತಾಳನ್ನು ನೋಡಿ ನಕ್ಕರು. "ಒಂದಂತೂ ನಮ್ಮ ಹರ್ಷಿತಾಳದ್ದೇ. ಅಷ್ಟು ಚಂದ ಪೋಸ್ಟರ್ ಬರ್ದಿದ್ದಾಳೆ. ಅಲ್ವಾ?"

ಹರ್ಷಿತಾ ಪ್ರಣೀತಾಳ ಕಡೆ ನೋಡಿದಳು. ಈಗ ಹೇಳಿಬಿಡುತ್ತಾಳೆ. ಸಂಜೆಯೊಳಗೆ ನಮ್ಮಮ್ಮನಿಗೂ ಗೊತ್ತಾಗುತ್ತದೆ.

"ಹೂಂ," ಎಂದಳು ಪ್ರಣೀತಾ, ಕಿಟಕಿಯ ಆಚೆ ನೋಡುತ್ತಾ.

ಸ್ನೇಹಲತಾ ಆಂಟಿ ಒಂದು ಕೈ ಹಿಂದೆ ಚಾಚಿ ಡಬ್ಬಿ ಕೊಟ್ಟರು. "ನೀರುಳ್ಳಿ ಬಜೆ ಉಂಟು. ಹರ್ಷಿತಾ, ಮೊದಲು ನೀನು ತಗೋ. ನೀನಲ್ವಾ ಇವಳ ಮ್ಯಾನೇಜರು!"

ಡಬ್ಬಿ ಇನ್ನೂ ಬೆಚ್ಚಗಿತ್ತು. ಬಯ್ದಿದ್ದರೆ ವಾಸಿಯಿತ್ತು. ಹರ್ಷಿತಾಗೆ ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಕ್ಲಾಸಿನಲ್ಲಿ ಅಷ್ಟು ಜನರೆದುರು ಒಂದೇ ಉಸಿರಿಗೆ ಹೊರಟಿದ್ದ ಹೆಸರು, ಇಲ್ಲಿ ಇಬ್ಬರೆದುರು ನಾಲಿಗೆಯ ಮೇಲೇ ಕೂತಿತ್ತು.

"ಆಂಟಿ, ನಾನು ಬ್ರೋಡಿಗೆ ಹಾಕಿದ್ದು," ಎಂದಳು ಕೊನೆಗೆ.

ಕಾರು ಸಿಗ್ನಲ್ಲಿನಲ್ಲಿ ನಿಂತಿತ್ತು. ಸ್ನೇಹಲತಾ ಕನ್ನಡಿಯಲ್ಲಿ ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಇವಳನ್ನು.

"ಯಾಕೆ?" ಎಂದು ಕೇಳಿದವಳು ಪ್ರಣೀತಾ. ದನಿ ತೀರಾ ಸಣ್ಣದಾಗಿತ್ತು.

"ಬ್ರೋಡಿ ರಿಸೆಸ್ಸಲ್ಲಿ, ಇಂಡಿಯನ್ಸ್ ನಿಮ್ಮನಿಮ್ಮಲ್ಲೇ ಕೊಟ್ಕೋತೀರ ಅಂದ... ಎಲ್ಲರೂ ನನ್ನೇ ನೋಡ್ತಿದ್ರು. ಐ ವಾಸ್ ಸ್ಕೇರ್ಡ್, ಪ್ರಣೀತಾ. ತುಂಬಾ ಭಯ ಆಯ್ತು."

ಪ್ರಣೀತಾ ಈಗ ತಿರುಗಿದಳು. ಕಣ್ಣಂಚು ಕೆಂಪಾಗಿತ್ತು.

"ನೀನು ಒಂದ್ಸಲ ಹೇಳಿ ಹೋಗಿ ಕೂತ್ಕೊಂಡೆ," ಎಂದಳು. "ನಾನು ಎಲ್ಲರದ್ದೂ ಮುಗಿಯೋವರೆಗೆ ಅಲ್ಲೇ ಕೂತಿದ್ದೆ. ಒಬ್ಬಳೇ."

ಹರ್ಷಿತಾಗೆ ಅದು ಇಷ್ಟು ಹೊತ್ತು ಹೊಳೆದೇ ಇರಲಿಲ್ಲ. ತನ್ನ ಕಾದ ಮುಖ, ತನ್ನನ್ನು ನೋಡುವ ಕಣ್ಣುಗಳು, ಇಷ್ಟನ್ನೇ ನೆನೆಯುತ್ತಿದ್ದಳು. ಮೇಜಿನ ಪಕ್ಕ ಕೂತು ಒಂದೊಂದೇ ಹೆಸರು ಕೇಳಿಸಿಕೊಳ್ಳುತ್ತಿದ್ದವಳು, ಹರ್ಷಿತಾಳ ಸರದಿ ಬರಲಿ ಎಂದು ಎಷ್ಟು ಹೊತ್ತಿನಿಂದ ಕಾದಿದ್ದಳೋ.